ಗುಜರಿ ಫೋನು ಎತ್ತಿದರೆ ಗಿರಣಿ ಅಜ್ಜ ಮಾತಾಡ್ತಾರೆ

ನಾನು ಮ್ಯೂಸಿಯಂ ಬಗ್ಗೆ ಓದಿದವನಲ್ಲ. ದಾವಣಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಮದುವೆ, ಗಣಪತಿ, ಜಾತ್ರೆ, ಚುನಾವಣೆ, ಎಲ್ಲಕ್ಕೂ. ನಮ್ಮೂರಿನ ಒಂದು ಟ್ರಸ್ಟಿನವರು ಹಳೇ ಬಟ್ಟೆ ಗಿರಣಿ ಸಾಮಾನು ಕೂಡಿಟ್ಟಿರುವ ಎರಡು ಕೋಣೆಗಳಿವೆ. ಲಾಳಿ, ಬಾಬಿನ್, ಹಿತ್ತಾಳೆಯ ಹಾಜರಿ ಟೋಕನ್, ಪಗಾರದ ಚೀಟಿ, ಬುತ್ತಿ ಡಬ್ಬಿ. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದವು. ಈಗಿನ ಹುಡುಗರಿಗೆ ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ಅಷ್ಟೇ. ಅಲ್ಲಿಗೆ ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಬರುತ್ತಿದ್ದರು. ಹತ್ತು ನಿಮಿಷಕ್ಕೆ ಹೊರಗೆ.

ಈಗ ಭಾನುವಾರ ಒಂದೇ ದಿನ ಅರವತ್ತು ಎಪ್ಪತ್ತು ಜನ. ಅರ್ಧ ಗಂಟೆಗೆ ಮೊದಲು ಯಾರೂ ಹೊರಡುವುದಿಲ್ಲ. "ಮೈಕ್ ಸೆಟ್ಟಿನವನಿಗೆ ಮ್ಯೂಸಿಯಂ ಏನು ಗೊತ್ತು" ಅಂದವರು ಈಗ ಫೋನ್ ಮಾಡಿ, ಹಳೇ ಫೋನು ಎತ್ತಿದರೆ ಗಿರಣಿಯವರ ಕಥೆ ಕೇಳಿಸುವ ಹಾಗೆ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಇಂಥ ಕೋಣೆ ನೋಡಿಕೊಳ್ಳುವವರೇ. ಬೆಸುಗೆ ಹಾಕುವುದು, ಆಡಿಯೋ ಕತ್ತರಿಸುವುದು ನಿಮಗೆ ಹೇಳಿಕೊಡಬೇಕಾಗಿಲ್ಲ.

ದುಡ್ಡು ಹೋದ ಕಥೆ ಮೊದಲು. ನಾನು ಕೈ ಹಾಕುವ ಮೊದಲು ಟ್ರಸ್ಟಿನವರು ಬೆಂಗಳೂರಿನ ಒಂದು ಕಂಪನಿಯಿಂದ ಟಚ್ ಸ್ಕ್ರೀನ್ ಕಿಯಾಸ್ಕ್ ತರಿಸಿದ್ದರು. ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ. ಯುಪಿಎಸ್ ಬೇರೆ. ಒಳಗಿದ್ದ ಮಾತೆಲ್ಲ ಇಂಗ್ಲಿಷ್. ಕನ್ನಡ ಹಾಕಲು ಮತ್ತೆ ಮೂವತ್ತು ಸಾವಿರ ಕೇಳಿದರು. ಮೂರು ತಿಂಗಳಿಗೆ ಪರದೆಯ ಎಡಗಡೆ ಸತ್ತಿತು, ಬೆರಳಿಟ್ಟರೆ ಬೇರೆಲ್ಲೋ ತೆರೆದುಕೊಳ್ಳುತ್ತಿತ್ತು. ರಿಪೇರಿಗೆ ಬರುವ ಹುಡುಗನ ಬಸ್ ಚಾರ್ಜೂ ನಮ್ಮದೇ.

ಆದರೂ ಒಂದು ಉಪಕಾರ ಆಯಿತು. ಮಾರಲು ಬಂದವನು ಹೊರದೇಶದ ಮ್ಯೂಸಿಯಂಗಳ ವಿಡಿಯೋ ತೋರಿಸಿದ್ದ. ಅದರಲ್ಲಿ ನ್ಯೂಯಾರ್ಕಿನ ಕೂಪರ್ ಹೆವಿಟ್ ಮ್ಯೂಸಿಯಂ ಇತ್ತು. ಅಲ್ಲಿ 2015ರಲ್ಲಿ, ಬಂದವರ ಕೈಗೆಲ್ಲ ಒಂದು ದಪ್ಪ ಪೆನ್ನು ಕೊಡಲು ಶುರು ಮಾಡಿದರು. ಮೆಚ್ಚಿದ ವಸ್ತುವಿನ ಫಲಕಕ್ಕೆ ಪೆನ್ನು ತಾಗಿಸಿದರೆ ಆ ವಸ್ತುವಿನ ವಿವರ ನಿಮ್ಮ ಲೆಕ್ಕಕ್ಕೆ ಸೇರುತ್ತಿತ್ತು, ಮನೆಗೆ ಹೋಗಿ ನೋಡಬಹುದಿತ್ತು. ಎಲ್ಲರೂ ಪರದೆ ನೋಡಿ ಬಾಯಿ ಬಿಟ್ಟರು. ನಾನು ಕೈ ನೋಡಿದೆ. ಜನರ ಕೈಯಲ್ಲಿ ಅವರ ಮೊಬೈಲ್ ಇರಲಿಲ್ಲ, ಮ್ಯೂಸಿಯಂನದೇ ಒಂದು ಸಾಮಾನು ಇತ್ತು. ಆ ಮಾತು ತಲೆಯಲ್ಲಿ ಉಳಿಯಿತು. ಅರ್ಥ ಆಗಲು ಇನ್ನೊಂದು ವರ್ಷ ಬೇಕಾಯಿತು.

ಆ ವರ್ಷ ನಾನೇ ಹಾಳು ಮಾಡಿದ್ದು. ಎಲ್ಲರಂತೆ, ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ವಸ್ತುವಿನ ಕಥೆ ಕೇಳಿಸುವ ಕ್ಯೂಆರ್ ಚೀಟಿ ಅಂಟಿಸಿದೆ. ಪ್ರಿಂಟು, ಲ್ಯಾಮಿನೇಷನ್ ಸೇರಿ ನಾಲ್ಕು ಸಾವಿರ. ಟ್ಯೂಬ್‌ಲೈಟ್ ಹೊಳಪಿಗೆ ಲ್ಯಾಮಿನೇಷನ್ ಮಿಂಚಿ ಅರ್ಧ ಫೋನುಗಳು ಓದಲಿಲ್ಲ. ಒಳಗಿನ ಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಸರಿ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಅದರದೇ ವೈಫೈ ಕೊಟ್ಟೆ. ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಫೋನುಗಳು ತಾವಾಗೇ ಬಿಟ್ಟು ಹೋಗುತ್ತವೆ, ನಿಮಗೂ ಗೊತ್ತು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಎಣಿಸಿದೆ. ನೂರು ಜನರಲ್ಲಿ ಸ್ಕ್ಯಾನ್ ಮಾಡಿದವರು ಏಳೋ ಎಂಟೋ. ಕಥೆ ಪೂರ್ತಿ ಕೇಳಿದವರು ಇಬ್ಬರು. ಅದರಲ್ಲಿ ಒಬ್ಬ ನನ್ನ ಅಳಿಯ.

ತಪ್ಪು ಸ್ಕ್ಯಾನ್‌ನದು ಮಾತ್ರ ಅಲ್ಲ. ಕಥೆಯೂ ಕೆಟ್ಟದಾಗಿತ್ತು. ಒಬ್ಬ ಮೇಷ್ಟ್ರ ಕೈಲಿ ಬರೆಸಿ ಓದಿಸಿದ್ದೆ. "ಪ್ರಸ್ತುತ ವಸ್ತುವು ಜವಳಿ ಉದ್ಯಮದಲ್ಲಿ ಮಹತ್ವದ ಸ್ಥಾನ ಪಡೆದಿದ್ದು" ಅಂತ ಮೂರು ನಿಮಿಷ. ಹದಿನೈದು ಸೆಕೆಂಡಿಗೆ ಜನ ಕಿವಿಯಿಂದ ಫೋನು ತೆಗೆಯುತ್ತಿದ್ದರು.

ಉಪಾಯ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರ್ ಹುಡುಕಲು ಹೋದವನಿಗೆ ಹಳೇ ಲ್ಯಾಂಡ್‌ಲೈನ್ ಫೋನುಗಳ ರಾಶಿ ಕಂಡಿತು. ಅಂಗಡಿಯವನ ಚಿಕ್ಕ ಮಗಳು ಒಂದನ್ನು ಎತ್ತಿ ಯಾರ ಜೊತೆಯೋ ಜೋರಾಗಿ ಜಗಳ ಆಡುತ್ತಿದ್ದಳು. ಫೋನು ಕಂಡರೆ ಎತ್ತುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ, ಅಲ್ವಾ? ಅಲ್ಲೇ ಐದು ಕೊಂಡೆ. ನೂರು ರೂಪಾಯಿಗೆ ಒಂದು. ಮುಂದಿನ ವಾರ ಹೋದಾಗ ಅದೇ ಫೋನು ನೂರೈವತ್ತು ಆಗಿತ್ತು.

ಒಳಗೆ ಡಿಎಫ್‌ಪ್ಲೇಯರ್ ಮಿನಿ ಅನ್ನುವ ಆಡಿಯೋ ಹಾಡಿಸುವ ಮಾಡ್ಯೂಲು, ಅದನ್ನು ನಡೆಸಲು ಆರ್ಡ್ವಿನೋ ನ್ಯಾನೊ ಅನ್ನುವ ಪುಟ್ಟ ಬೋರ್ಡು, ಕಥೆ ತುಂಬಿದ ಎಸ್‌ಡಿ ಕಾರ್ಡು. ರಿಸೀವರ್ ಒಳಗೆ ಮಾತು ಕೇಳಿಸುವ ಹಳೇ ಕ್ಯಾಪ್ಸೂಲ್ ತೆಗೆದು ನಲವತ್ತು ರೂಪಾಯಿಯ 8 ಓಮ್ ಸ್ಪೀಕರ್ ಹಾಕಿದೆ. ಫೋನು ಎತ್ತಿದರೆ ಹುಕ್ಕಿನ ಸ್ವಿಚ್ಚು ಕರೆಂಟು ಕೊಡುತ್ತದೆ, ಇಟ್ಟರೆ ಎಲ್ಲ ಆರುತ್ತದೆ. ಮುಂದಿನವರಿಗೆ ಮತ್ತೆ ಮೊದಲಿನಿಂದ. ಒಂದು ಫೋನಿಗೆ ಎಲ್ಲ ಸೇರಿ ಒಂಬೈನೂರು, ಸಾವಿರ. ಏಳು ಫೋನು. ಸುಟ್ಟುಕೊಂಡ ಬೋರ್ಡುಗಳದು ಸಾವಿರದೈನೂರು ಬೇರೆ. ಗಿರಣಿ ಹಿರಿಯರಿಗೆ ಶಾಲು, ಆಟೋ, ದೋಸೆ ಎಲ್ಲ ಹಿಡಿದರೂ ಹನ್ನೆರಡು ಸಾವಿರ ದಾಟಲಿಲ್ಲ. ಕಿಯಾಸ್ಕಿನ ಯುಪಿಎಸ್ ಅದಕ್ಕಿಂತ ಜಾಸ್ತಿ.

ಸುಲಭ ಆಯಿತು ಅಂದುಕೊಳ್ಳಬೇಡಿ. ಅಗ್ಗದ ಚಾರ್ಜರ್ ಹಾಕಿ ಗುಂಯ್ ಅನ್ನುವ ಸದ್ದಿಗೆ ಒಂದು ವಾರ ಹೋಯಿತು. ಮೈಕಿನವನಾಗಿ ನನಗೇ ನಾಚಿಕೆ. ಆ ಸದ್ದು ತಗ್ಗಿಸಲು 1ಕೆ (ಸಾವಿರ ಓಮ್) ರೆಸಿಸ್ಟರ್ ಹಾಕುವುದು ಎಲ್ಲರಿಗೂ ಗೊತ್ತಿರುವುದೇ, ಅಷ್ಟರಲ್ಲಿ ಪೂರ್ತಿ ಹೋಗುವುದಿಲ್ಲ. ಇನ್ನೊಂದು ಕಡೆ ಗ್ರೌಂಡ್ ಬದಲಿಸಬೇಕು. ಯಾವ ಕಡೆ ಅಂತ ನೀವೇ ಹುಡುಕಿ, ನನಗೆ ಅದಕ್ಕೆ ಎರಡು ಬೋರ್ಡು ಸುಟ್ಟಿವೆ. ಮೊದಲು ಒಂದೇ ಫೋನಿಗೆ ಮೂರು ಕಥೆ ತುಂಬಿದ್ದೆ. ನಾನು ನಡೆಸಿದ ರೀತಿಯಲ್ಲಿ ಈ ಮಾಡ್ಯೂಲು ಫೈಲಿನ ಹೆಸರು ನೋಡುವುದಿಲ್ಲ, ಕಾಪಿ ಮಾಡಿದ ಸರದಿ ನೋಡುತ್ತದೆ. ಟೋಕನ್ ಮುಂದೆ ನಿಂತವರಿಗೆ ಎರಡು ದಿನ ಬುತ್ತಿ ಡಬ್ಬಿಯ ಕಥೆ ಕೇಳಿಸಿತು. ಆಮೇಲೆ ಒಂದು ಫೋನಿಗೆ ಒಂದೇ ಕಥೆ ಅಂತ ಮಾಡಿದೆ. ಅದೇ ಒಳ್ಳೆಯದಾಯಿತು.

ಇನ್ನೊಂದು ತೊಂದರೆ. ಫೋನು ಎತ್ತಿದ ಮೇಲೆ ಮಾಡ್ಯೂಲು ಏಳಲು ಎರಡು ಸೆಕೆಂಡು ಬೇಕು. ಆ ಮೌನಕ್ಕೆ ಏನು ಮಾಡಬೇಕು ಅಂತ ತಲೆ ಕೆಡಿಸಿಕೊಂಡಿದ್ದೆ. ಡಯಲ್ ಟೋನ್ ಹಾಕಲೂ ಆಗುವುದಿಲ್ಲ, ಮಾಡ್ಯೂಲೇ ಎದ್ದಿರುವುದಿಲ್ಲವಲ್ಲ. ಮತ್ತೆ ಮೂಲೆಯಲ್ಲಿ ಕುಳಿತು ನೋಡಿದೆ. ಹತ್ತರಲ್ಲಿ ಒಂಬತ್ತು ಜನ ಆ ಎರಡು ಸೆಕೆಂಡಿನಲ್ಲಿ "ಹಲೋ" ಅನ್ನುತ್ತಾರೆ! ಅವತ್ತೇ ಏಳೂ ಕಥೆಗಳ ತಲೆ ಬದಲಿಸಿದೆ. ಈಗ ನೀವು ಹಲೋ ಅಂದರೆ ಆ ಕಡೆಯಿಂದ ಅಜ್ಜ, "ಹಾಂ, ಯಾರದು? ಗಿರಣಿ ಕಡೆಯವ್ರಾ?" ಅಂತಾರೆ. ಜನ ಬೆಚ್ಚಿ ಸುತ್ತ ನೋಡುತ್ತಾರೆ. ಒಬ್ಬ ಅಜ್ಜಿ "ನಾನ್ರೀ" ಅಂದು ತನ್ನ ಮನೆತನ ಎಲ್ಲ ಹೇಳಿದರು.

ಕಥೆ ಹೇಳಿದ್ದು ಮೇಷ್ಟ್ರಲ್ಲ, ಗಿರಣಿಯಲ್ಲಿ ದುಡಿದವರು. ಅವರ ಮನೆಗೇ ಹೋದೆ. ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಮೊಬೈಲಿನಲ್ಲೇ ರೆಕಾರ್ಡು. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಅನ್ನುವುದು ಸಣ್ಣ ಮಾತಲ್ಲ. ಮೈಕ್ ಕಂಡ ಕೂಡಲೇ ಎಲ್ಲರೂ ಭಾಷಣ ಶುರು ಮಾಡುತ್ತಾರೆ, "ಸನ್ಮಾನ್ಯರೇ" ಅಂತ. ಅದನ್ನು ಬಿಡಿಸಲು ನನ್ನದೊಂದು ದಾರಿ ಇದೆ. ಮೂವತ್ತು ವರ್ಷ ವೇದಿಕೆ ಪಕ್ಕ ನಿಂತು ಕಲಿತದ್ದು, ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಲ್ಲೆ, ವಸ್ತು ಅವರ ಕೈಯಲ್ಲಿ ಇರಬೇಕು. ಬುತ್ತಿ ಡಬ್ಬಿ ಕೈಗೆ ಕೊಟ್ಟಾಗ ಒಬ್ಬರು ಮುಚ್ಚಳ ತೆಗೆದು ಮೂಸಿ ನೋಡಿ, "ತಮ್ಮಾ, ಇದರಾಗೆ ರೊಟ್ಟಿ ಇಟ್ರೆ ಮಧ್ಯಾಹ್ನಕ್ಕೆ ಹತ್ತಿ ವಾಸನಿ ಬರ್ತಿತ್ತು" ಅಂದರು. ಇಡೀ ಕೋಣೆಗೆ ಅದೊಂದು ಮಾತು ಸಾಕು.

ನಲವತ್ತು ನಿಮಿಷದ ಮಾತಿನಿಂದ ಐವತ್ತು ಸೆಕೆಂಡು ತೆಗೆಯುತ್ತೇನೆ. ಎಪ್ಪತ್ತು ದಾಟಿದರೆ ಕೈ ಸೋಲುತ್ತದೆ, ಫೋನು ಕೆಳಗೆ ಹೋಗುತ್ತದೆ.

ಸೈರನ್ ಕಥೆ ಹೇಳಲೇಬೇಕು. ಗಿರಣಿ ಸೈರನ್ ಕೇಳಿ ಊರು ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತಂತೆ. ಈಗ ಆ ಸದ್ದು ಎಲ್ಲೂ ಇಲ್ಲ. ನಾನು ಇಂಟರ್ನೆಟ್ಟಿನಿಂದ ಒಂದು ಸೈರನ್ ಇಳಿಸಿ ಹಾಕಿದೆ. ಹಿರಿಯರು ಕೇಳಿ ಬಿದ್ದು ಬಿದ್ದು ನಕ್ಕರು. "ಇದು ಆಂಬುಲೆನ್ಸೋ ಮಾರಾಯ!" ಹಾಗಾದರೆ ಹೇಗಿತ್ತು ಅಂತ ಕೇಳಿದೆ. ಮೂವರು ಮೂರು ಥರ ಬಾಯಲ್ಲೇ ಕೂಗಿ ತೋರಿಸಿದರು, ನನ್ನದೇ ಸರಿ ಅಂತ ಜಗಳ ಬೇರೆ. ಆ ಜಗಳವನ್ನೇ ಹಾಗೆಯೇ ಹಾಕಿದ್ದೇನೆ. ಅದು ಐದನೇ ಫೋನು. ಎಲ್ಲಕ್ಕಿಂತ ಜಾಸ್ತಿ ಎತ್ತುವುದು ಅದನ್ನೇ. ಪ್ರತಿ ಸಲ ಎತ್ತಿದ್ದನ್ನು ಆರ್ಡ್ವಿನೋ ಚಿಪ್ಪು ಎಣಿಸಿಡುತ್ತದೆ. ನಾಲ್ಕು ತಿಂಗಳಲ್ಲಿ ಏಳೂ ಸೇರಿ ಮೂರು ಸಾವಿರದ ಮೇಲೆ, ಐದನೆಯದೇ ಸಾವಿರದ ಹತ್ತಿರ. ಮಕ್ಕಳು ಸುಮ್ನೆ ಎತ್ತಿ ಇಟ್ಟಿದ್ದೂ ಅದರಲ್ಲಿ ಸೇರಿದೆ, ಸುಳ್ಳು ಯಾಕೆ.

ಟ್ರಸ್ಟಿನ ಸಮಿತಿಯಲ್ಲಿ ಒಬ್ಬರು, "ಹಳೇ ಫೋನಿಟ್ಟರೆ ಡಿಜಿಟಲ್ ಹೇಗಪ್ಪಾ ಆಗುತ್ತೆ?" ಅಂದರು. ಒಳಗಿನ ಚಿಪ್ಪು ತೋರಿಸಿದೆ. ಆಂಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂ ಕಥೆಯನ್ನೂ ಹೇಳಿದೆ. 1952ರಲ್ಲೇ ಅವರು ಬಂದವರ ಕಿವಿಗೆ ರೇಡಿಯೋದಲ್ಲಿ ವಿವರಣೆ ಕಳಿಸಿದ್ದರು. ಎಲ್ಲರಿಗೂ ಒಂದೇ ಸಮಯಕ್ಕೆ ಒಂದೇ ಮಾತು, ಹಾಗಾಗಿ ಗುಂಪೆಲ್ಲ ಒಟ್ಟಿಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆಯಬೇಕಿತ್ತು. ಅದೂ ಒಂಥರಾ ಮೈಕ್ ಸೆಟ್ಟೇ ಅಲ್ವಾ? ಅವರು ಒಪ್ಪಿದರೋ ಇಲ್ಲವೋ, ಸುಮ್ಮನಾದರು.

ನಡುವೆ ಚಿತ್ರದುರ್ಗದ ಕಡೆಗೂ ಒಂದು ಸುತ್ತು ಹೋದೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ನನ್ನ ಗೆಳೆಯ ಮೇಷ್ಟ್ರು. ಅವರ ಶಾಲೆಯ ಕೋಣೆಯಲ್ಲಿ ಇರುವುದು ಬರೀ ಫೋಟೋಗಳು. ಮೊದಲು ಒನಕೆ ಓಬವ್ವನದು ಮಾಡೋಣ ಅಂದರು. ನಿಜವಾದ ಒನಕೆಯ ಬುಡಕ್ಕೆ ವೈಬ್ರೇಷನ್ ಸ್ವಿಚ್ಚು ಕಟ್ಟಿದೆ, ಕುಟ್ಟಿದರೆ ಕಥೆ ಶುರುವಾಗುವ ಹಾಗೆ. ಮೊದಲ ದಿನವೇ ಮೂರು ಟೈಲ್ಸ್ ಒಡೆದವು. ಎಂಟುನೂರು ರೂಪಾಯಿ ದಂಡ, ಒನಕೆ ಅಟ್ಟ ಸೇರಿತು.

ಆಮೇಲೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯದ ಫೋಟೋಗೆ ಒಂದು ಫೋನು. "ನಾನು ನಾಣ್ಯ, ಸಮುದ್ರ ದಾಟಿ ಬಂದೆ" ಅಂತ ಬರೆದಿದ್ದೆ. ಹತ್ತನೇ ಕ್ಲಾಸಿನವರು ಮುಸಿಮುಸಿ ನಕ್ಕರು. ಅದನ್ನು ಕಿತ್ತು ಪತ್ತೇದಾರಿ ಥರ ಮಾಡಿದೆ. ಪುರಾತತ್ವದ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದ್ದು ಪದರ ಪದರ ನೋಡುತ್ತಾ. ನಾಣ್ಯ ಚಕ್ರವರ್ತಿ ಟೈಬೀರಿಯಸ್‌ನದು, ಅವನು ರೋಮ್ ಆಳಿದ್ದು ಕ್ರಿ.ಶ. 14ರಿಂದ 37. ಹಾಗಾದರೆ ಅವನ ನಾಣ್ಯ ಬಿದ್ದಿರುವ ಪದರ ಎಷ್ಟು ಹಳೆಯದಿರಬಹುದು, ಎಷ್ಟು ಹಳೆಯದಿರಲು ಸಾಧ್ಯವೇ ಇಲ್ಲ? ಪ್ರಶ್ನೆ ಕೇಳಿ ಕಥೆ ಅಲ್ಲೇ ನಿಲ್ಲುತ್ತದೆ, ಉತ್ತರ ಇನ್ನೊಂದು ಗೋಡೆಯ ಫೋನಿನಲ್ಲಿ. ಹುಡುಗರು ಓಡುತ್ತಾರೆ.

ಅಲ್ಲಿ ನನಗೆ ಬಹಳ ಇಷ್ಟವಾದದ್ದು ಚಪಡ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಬರೆದವನು. ಶಾಸನ ಎಲ್ಲ ಬ್ರಾಹ್ಮಿ ಲಿಪಿ. ಕೊನೆಗೆ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ವಾಯವ್ಯದ ಕಡೆಯ ಲಿಪಿ ಅದು, ಇಲ್ಲಿ ಯಾರಿಗೆ ಓದಲು ಬರುತ್ತಿತ್ತೋ! ರಾಜನ ಕಾಗದದ ಮೂಲೆಯಲ್ಲಿ ಗುಮಾಸ್ತ ಸ್ಟೈಲಾಗಿ ಸಹಿ ಹಾಕಿದ ಹಾಗೆ. ಆ ಫೋನಿನ ಕಥೆ ಬರೀ ನಲವತ್ತು ಸೆಕೆಂಡು. ಕೇಳಿದ ಹುಡುಗರು ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರನ್ನು ಬಲದಿಂದ ಎಡಕ್ಕೆ ಬರೆಯುತ್ತಾ ಕೂರುತ್ತಾರೆ.

ಈಗ ಇರುವ ತಲೆನೋವು ಇಲಿ. ಮೂರನೇ ಫೋನಿನ ವೈರು ಎರಡು ಸಲ ಕಡಿದಿದೆ. ಸುರುಳಿ ವೈರು ಹುಡುಗರು ಎಳೆದು ಎಳೆದು ಜೋತು ಬಿದ್ದಿದೆ, ಗುಜರಿಯವನು ಬರೀ ವೈರಿಗೆ ಅರವತ್ತು ಕೇಳುತ್ತಿದ್ದಾನೆ. ಹುಕ್ಕಿನ ಸ್ವಿಚ್ಚು ಸಿಕ್ಕಿಕೊಳ್ಳದಂತೆ ಏನು ಹಚ್ಚುತ್ತೇನೆ ಅಂತ ಎಲ್ಲರೂ ಕೇಳುತ್ತೀರಿ. ಅಡುಗೆ ಮನೆಯಲ್ಲಿ ಸಿಗುತ್ತದೆ, ಅಷ್ಟೇ ಹೇಳುವುದು.

ಸಮಿತಿಯವರು ಈಗ ಬಂದ ನೆಂಟರಿಗೆಲ್ಲ "ನಮ್ಮದೇ ಐಡಿಯಾ" ಅಂತ ತೋರಿಸುತ್ತಾರೆ. ನನಗೆ ಬೇಜಾರಿಲ್ಲ. ಕಿಯಾಸ್ಕನ್ನು ಮಾರಲು ನೋಡಿದೆವು, ಎಂಟು ಸಾವಿರಕ್ಕೂ ಯಾರೂ ಕೇಳಲಿಲ್ಲ. ಅದರ ಮೇಲೆ ಒಂದು ಹಲಗೆ ಬಡಿದು ಎರಡನೇ ಫೋನು ಇಟ್ಟಿದ್ದೇನೆ. ಎತ್ತರ ಸರಿಯಾಗಿದೆ.