ಕೈಬರಹದ ಫಾರಂನಲ್ಲಿ ಅದು ಸೊನ್ನೆಯೋ, ‘ಓ’ ಅಕ್ಷರವೋ?

ಮೈಸೂರು, ಮಂಡ್ಯ ಕಡೆ ಇನ್ಶೂರೆನ್ಸ್, ಮ್ಯೂಚುವಲ್ ಫಂಡ್ ಆಫೀಸುಗಳಲ್ಲಿ ಫಾರಂ ಎಂಟ್ರಿ ಮಾಡುವವರೇ, ಸೊನ್ನೆಯೋ ‘ಓ’ ಅಕ್ಷರವೋ ಅಂತ ಅನುಮಾನ ಬಂದರೆ ಬರಹವನ್ನೇ ದಿಟ್ಟಿಸಬೇಡಿ, ಅದು ಎಷ್ಟನೇ ಜಾಗದಲ್ಲಿದೆ ಎಂದು ಎಣಿಸಿ. ಐಎಫ್‌ಎಸ್‌ಸಿ ಕೋಡ್‌ನಲ್ಲಿ ಒಟ್ಟು 11 ಜಾಗ. ಮೊದಲ 4 ಬ್ಯಾಂಕಿನ ಅಕ್ಷರಗಳು, 5ನೆಯದು ಯಾವಾಗಲೂ ಸೊನ್ನೆ, ಉಳಿದ 6 ಶಾಖೆಯ ಗುರುತು. ಪ್ಯಾನ್‌ನಲ್ಲಿ 10 ಜಾಗ. ಮೊದಲು 5 ಅಕ್ಷರ, ಆಮೇಲೆ 4 ಅಂಕಿ, ಕೊನೆಗೆ 1 ಅಕ್ಷರ. 4ನೇ ಅಕ್ಷರ ವ್ಯಕ್ತಿಗಾದರೆ ‘ಪಿ’, ಕಂಪನಿಗಾದರೆ ‘ಸಿ’. ವ್ಯಕ್ತಿಯ ಪ್ಯಾನ್ ಆದರೆ 5ನೆಯದು ಸರ್‌ನೇಮ್‌ನ ಮೊದಲ ಅಕ್ಷರ. ಆದರೆ ಇದೊಂದನ್ನು ಮಾತ್ರ ಜಾಸ್ತಿ ನಂಬಬೇಡಿ. ನಮ್ಮ ಕಡೆಯವರಿಗೆ ಇರುವುದು ಇನಿಷಿಯಲ್, ಅಲ್ವಾ? ಪ್ಯಾನ್ ಮಾಡಿಸುವಾಗ ಕೆಲವರು ಸರ್‌ನೇಮ್ ಜಾಗದಲ್ಲಿ ತಂದೆಯ ಹೆಸರು ಬರೆಸಿರುತ್ತಾರೆ, ಕೆಲವರು ಊರಿನ ಹೆಸರು, ಇನ್ನು ಕೆಲವರು ತಮ್ಮ ಹೆಸರನ್ನೇ. ಅಕ್ಷರ ಹೊಂದಲಿಲ್ಲ ಎಂದು ಹಳ್ಳಿಯಿಂದ ಬಸ್ ಹತ್ತಿ ಬಂದವರನ್ನು ಸುಮ್ನೆ ವಾಪಸ್ ಕಳಿಸಬೇಡಿ, ಕಾರ್ಡ್ ತೆಗೆಸಿ ನೋಡಿ. ಐಎಫ್‌ಎಸ್‌ಸಿಯ ಕೊನೆಯ 6 ಜಾಗಕ್ಕೂ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಅಂಕಿ ಜಾಸ್ತಿ ಇದ್ದರೂ ಅಕ್ಷರವೂ ಬರಬಹುದು. ಲೆಕ್ಕ ಸರಿಯಿದ್ದರೂ ಕೋಡ್ ಹಳೆಯದಾಗಿರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದೇ ಎಸ್‌ಬಿಐಗೆ ಸೇರಿತು. ಅದರ ಪಾಸ್‌ಬುಕ್ ನೋಡಿ ಕೋಡ್ ಬರೆದಿದ್ದರೆ ಹೊಸ ಪಾಸ್‌ಬುಕ್ ಅಥವಾ ಕ್ಯಾನ್ಸಲ್ ಮಾಡಿದ ಚೆಕ್ ಕೇಳಿ. ಇನ್ನು ಅಕೌಂಟ್ ನಂಬರ್, ಅದರ ಉದ್ದ ಒಂದೊಂದು ಬ್ಯಾಂಕಿಗೆ ಒಂದೊಂದು ಥರ. ಅದನ್ನು ಪಕ್ಕದವರಿಂದ ಗಟ್ಟಿಯಾಗಿ ಓದಿಸಿ, ಒಂದೊಂದೇ ಅಂಕಿ ತಾಳೆ ನೋಡಿ.