ಉತ್ತರ ನೋಡಿಕೊಂಡೇ ಕಲಿತ ಕ್ರಿಪ್ಟಿಕ್ ಪದಬಂಧ: ನನ್ನ ಅನುಭವ

ಹೋದ ಗುರುವಾರ ನನಗೆ ಒಂದು ಮಸಾಲೆ ದೋಸೆ, ಒಂದು ಕಾಫಿ ಪುಕ್ಕಟೆ ಸಿಕ್ಕಿತು. ಕೊಡಿಸಿದವರು ನಮ್ಮ ಬ್ರಾಂಚಿನ ಹಿರಿಯ ಸಹೋದ್ಯೋಗಿ. ಎರಡು ವರ್ಷದ ಹಿಂದೆ ನನ್ನ ಕೈಯಲ್ಲಿದ್ದ ಪೇಪರ್ ನೋಡಿ ಇದೇ ಮನುಷ್ಯ, ‘ಹಿಂದೂ ಕ್ರಾಸ್‌ವರ್ಡ್ ಎಲ್ಲ ಕಾನ್ವೆಂಟಿನವರಿಗೆ ಕಣ್ರೀ. ನಾವು ಸುಮ್ನೆ ಕನ್ನಡ ಪದಬಂಧ ಮಾಡ್ಕೊಂಡಿರೋಣ’ ಅಂದಿದ್ದರು. ‘ನಾವು’ ಅಂದರೂ ಅದು ನನಗೇ ಹೇಳಿದ್ದು. ಅವರು ಓದಿದ್ದು ಕಾನ್ವೆಂಟಿನಲ್ಲೇ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ಗುರುವಾರದ ಪಂದ್ಯ ಇಷ್ಟೇ. ಆ ದಿನದ ಕ್ರಿಪ್ಟಿಕ್ಕನ್ನು, ಅಂದರೆ ಸುಳಿವಿನ ಒಂದು ತುದಿಯಲ್ಲಿ ಅರ್ಥ, ಉಳಿದದ್ದರಲ್ಲಿ ಅಕ್ಷರದಾಟ ಬಚ್ಚಿಟ್ಟಿರುವ ಪದಬಂಧವನ್ನು, ಊಟದ ಬಿಡುವಿನೊಳಗೆ ಮುಗಿಸಬೇಕು. ಡಿಕ್ಷನರಿ, ಫೋನ್ ಎರಡೂ ಮುಟ್ಟಬಾರದು. ಸುಮಾರು 38 ನಿಮಿಷದಲ್ಲಿ ಮುಗಿಸಿದೆ. ಕೊನೆಯ ಎರಡು ಉತ್ತರ ಅಂದಾಜಿನ ಮೇಲೆ ಬರೆದದ್ದು ಅಂತ ಅವರಿಗೆ ಹೇಳಿಲ್ಲ. ಎರಡೂ ಸರಿ ಇದ್ದವು.

ಹೇಗೆ ಕಲಿತೆ ಅಂತ ಅಲ್ಲಿದ್ದವರು ಕೇಳಿದರು. ಹೇಳಿದರೆ ಒಬ್ಬರೂ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅನಾಗ್ರಾಮ್, ಹಿಡನ್, ಕಂಟೇನರ್ ಅಂತ ಸುಳಿವಿನಲ್ಲಿ ಬಗೆಗಳಿವೆ, ಅವುಗಳ ಪಾಠ ಮಾಡಲ್ಲ. ಇದನ್ನು ಓದುವವರು ಆಗಲೇ ಎರಡು ಮೂರು ತಿಂಗಳು ತಲೆ ಚಚ್ಚಿಕೊಂಡವರೇ ಇರುತ್ತೀರಿ.

ಮೊದಲು ದುಡ್ಡು ಹೋದ ಕಥೆ. ಒಂದು ದಪ್ಪ ಇಂಗ್ಲಿಷ್ ನಿಘಂಟು ತಗೊಂಡೆ, ಹತ್ತಿರ ಹತ್ತಿರ ₹1,400. ಈಗ ಅದು ಕಂಪ್ಯೂಟರ್ ಪರದೆಯ ಕೆಳಗೆ ಮಣೆಯಾಗಿದೆ. ಆಮೇಲೆ ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ, ₹900 ಚಿಲ್ಲರೆ. ಅದರಲ್ಲಿ ಅಕ್ಷರ ತೋರಿಸುವ ಗುಂಡಿ ಇತ್ತು. ನಾನು ಅಕ್ಷರ ಒತ್ತಿದ್ದಕ್ಕಿಂತ ಆ ಗುಂಡಿ ಒತ್ತಿದ್ದೇ ಜಾಸ್ತಿ. ಕೊನೆಗೆ ಎಂಟು ಭಾನುವಾರದ ಆನ್‌ಲೈನ್ ಕ್ಲಾಸು, ₹3,500. ಮೊದಲ ಎರಡು ಭಾನುವಾರ ಬರೀ ಇತಿಹಾಸ. 1913ರ ಡಿಸೆಂಬರ್ 21, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆ, ಆರ್ಥರ್ ವಿನ್, ವಜ್ರದ ಆಕಾರದ ಮೊದಲ ಪದಬಂಧ. ಕೇಳೋಕೆ ಚೆನ್ನಾಗಿತ್ತು. ಆದರೆ ಸೋಮವಾರದ ಪೇಪರಿನಲ್ಲಿ ಒಂದು ಚೌಕವೂ ತುಂಬಲಿಲ್ಲ. ಮೂರನೇ ವಾರ ಇಂಡಿಕೇಟರ್ ಪಟ್ಟಿ ಕೊಟ್ಟರು, ಅಂದರೆ ಅಕ್ಷರ ಚದುರಿಸು, ತಿರುಗಿಸು ಅಂತ ಸನ್ನೆ ಮಾಡುವ ಪದಗಳು, ಸುಮಾರು 400. ಬಾಯಿಪಾಠ ಮಾಡಿದೆ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ಪದಬಂಧದಲ್ಲಿ 30 ಸುಳಿವಿಗೆ ಎರಡು, ಅದೃಷ್ಟ ಇದ್ದ ದಿನ ಮೂರು ಬರುತ್ತಿತ್ತು.

ಪಟ್ಟಿಯ ತೊಂದರೆ ಏನಂದರೆ, ಅದು ಬಾಯಿಗೆ ಬಂದ ಮೇಲೆ ಎಲ್ಲ ಪದವೂ ಇಂಡಿಕೇಟರ್ ಥರವೇ ಕಾಣುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಕಣ್ಣಿಗೇ ಬೀಳಲ್ಲ. ಒಂದು ಸುಳಿವಿನಲ್ಲಿ ‘ಫ್ಲವರ್’ ಅಂತ ಇತ್ತು, ನಾಲ್ಕು ಅಕ್ಷರ. ರೋಸ್ ಹಾಕಿದೆ, ಅಳಿಸಿದೆ. ಲಿಲಿ ಹಾಕಿದೆ, ಅಳಿಸಿದೆ. ಐರಿಸ್ ಅಂತ ಹೂ ಇದೆಯಂತೆ, ಅದನ್ನೂ ಹಾಕಿದೆ. ಪೇಪರ್ ತೂತಾಯಿತು. ಮಾರನೇ ದಿನ ಉತ್ತರ ನೋಡಿದರೆ ನೈಲ್. ಫ್ಲೋ ಆಗುವಂಥದ್ದು ಫ್ಲೋ-ಅರ್, ಅಂದರೆ ಹರಿಯುವುದು! ಹೂ ಅಂದುಕೊಂಡಿದ್ದು ಹೊಳೆ. ಈ ಲೆಕ್ಕದಲ್ಲಿ ನಮ್ಮ ಕಾವೇರಿಯೂ ಫ್ಲವರ್ರೇ. ಹಳಬರಿಗೆ ಇದು ಸವಕಲು ಜೋಕು. ನನಗೆ ಆವತ್ತು ಸಿಟ್ಟು ಬಂದು ಪೇಪರ್ ಮುದುರಿ ಎಸೆದಿದ್ದೆ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಮನೆಯವರ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬಂದಾಗ ಪಕ್ಕದ ಮನೆಯವರು ಮೂರು ದಿನದ ಪೇಪರ್ ಒಟ್ಟಿಗೆ ಕೊಟ್ಟರು. ಹಿಂದಿನ ದಿನದ ಉತ್ತರ ಇವತ್ತಿನ ಪೇಪರಿನಲ್ಲಿ ಬರುತ್ತದಲ್ಲ, ಹಾಗಾಗಿ ಸುಳಿವು, ಉತ್ತರ ಎರಡೂ ಒಟ್ಟಿಗೆ ಎದುರಿಗೆ ಬಿದ್ದವು. ಬಸ್ಸಿನಲ್ಲಿ ಬಂದು ಮೈಕೈ ನೋಯುತ್ತಿತ್ತು, ಬಿಡಿಸುವ ಉಮೇದು ಇರಲಿಲ್ಲ. ಸುಮ್ನೆ ಉತ್ತರ ನೋಡಿ, ಇದು ಹೇಗೆ ಬಂತು ಅಂತ ಯೋಚಿಸುತ್ತಾ ಕೂತೆ. ಒಂದೂವರೆ ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಆವತ್ತೇ ತೀರ್ಮಾನ ಮಾಡಿದೆ. 60 ದಿನ ಒಂದು ಸುಳಿವನ್ನೂ ಬಿಡಿಸಲ್ಲ. ಉತ್ತರ ಬಂದ ಮೇಲೇ ಪದಬಂಧ ಕೈಗೆ ತಗೊಳ್ಳುವುದು. ಒಂದೊಂದು ಸುಳಿವನ್ನೂ ನೋಟ್‌ಬುಕ್ಕಿನಲ್ಲಿ ಬಿಚ್ಚಿ ಬರೆಯುವುದು. ಆಫೀಸಿನಲ್ಲಿ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ‘ಗೈಡ್ ನೋಡ್ಕೊಂಡು ಲೆಕ್ಕ ಮಾಡಿದ ಹಾಗಾಯ್ತು ಸಾರ್’ ಅಂದ ಹೊಸದಾಗಿ ಸೇರಿದ ಹುಡುಗ. ಯುಗಾದಿಯೊಳಗೆ ಒಂದು ಪೂರ್ತಿ ಪದಬಂಧ ಮುಗಿಸುತ್ತೇನೆ ಅಂತ ₹500 ಪಂದ್ಯ ಕಟ್ಟಿದೆ. ಸೋತೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಬಿಚ್ಚಿ ಬರೆಯುವುದು ಅಂದರೆ ಹೇಗೆ ಅಂತ ತೋರಿಸುತ್ತೇನೆ. ಪೇಪರಿನಲ್ಲಿ ಬಂದದ್ದನ್ನು ಇಲ್ಲಿ ಹಾಕಲ್ಲ, ಸಣ್ಣದೊಂದು ಸುಳಿವು ನಾನೇ ಜೋಡಿಸಿದ್ದು: ‘ಬ್ರೋಕನ್ ಹಾರ್ಟ್ ಫಾರ್ ದಿ ವರ್ಲ್ಡ್ (5)’. ಓದಿದ ಕೂಡಲೇ ಯಾವುದೋ ಸೋತ ಪ್ರೇಮಿ ಕಣ್ಣ ಮುಂದೆ ಬರುತ್ತಾನೆ. ಅವನನ್ನು ಮೊದಲು ಮನೆಗೆ ಕಳಿಸಬೇಕು. ಉತ್ತರ ಅರ್ತ್, ಭೂಮಿ. ನೋಟ್‌ಬುಕ್ಕಿನಲ್ಲಿ ಬರೆಯುವುದು ಹೀಗೆ: ‘ದಿ ವರ್ಲ್ಡ್’ ಅನ್ನುವುದು ಅರ್ಥ, ಅದಕ್ಕೆ ಅಡಿಗೆರೆ. ಹಾರ್ಟ್ ಅಂದರೆ ಎಚ್, ಇ, ಎ, ಆರ್, ಟಿ. ಬ್ರೋಕನ್ ಅಂದದ್ದಕ್ಕೆ ಅವು ಚದುರಿ ಇ, ಎ, ಆರ್, ಟಿ, ಎಚ್ ಆದವು. ಉಳಿದ ‘ಫಾರ್’ ಬರೀ ಸೇತುವೆ. ಒಂದು ಪದವೂ ಲೆಕ್ಕಕ್ಕೆ ಸಿಗದೆ ಉಳಿಯಬಾರದು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆ ನೋಡುತ್ತೇವಲ್ಲ, ಹಾಗೆ. ಹತ್ತು ರೂಪಾಯಿ ಹೆಚ್ಚು ಬಂದರೂ ತಪ್ಪೇ.

ಮೊದಲ ತಿಂಗಳು ಇಲ್ಲೇ ಎಡವಿದೆ. ಅಕ್ಷರ ಚದುರಿಸುವ ಸುಳಿವಿಗೆ ‘ಅನಾಗ್ರಾಮ್’ ಅಂತ ಒಂದೇ ಪದ ಬರೆದು ಮುಂದಕ್ಕೆ ಹೋಗುತ್ತಿದ್ದೆ, ಅಕ್ಷರ ಬಿಡಿಸಿ ಬರೆಯುತ್ತಿರಲಿಲ್ಲ. ಗೊತ್ತಾಗದ್ದಕ್ಕೆ ಏನೋ ನೆಪ ಹೇಳಿ ಮುಗಿಸುತ್ತಿದ್ದೆ. ಉತ್ತರದಲ್ಲಿ ಓ ಇದೆ, ಸುಳಿವಿನಲ್ಲಿ ಡಕ್ ಇದೆ. ಬಾತುಕೋಳಿ ಮೊಟ್ಟೆ ದುಂಡಗಿದೆ, ಅದಕ್ಕೆ ಓ ಇರಬೇಕು ಅಂತ ಬರೆದಿದ್ದೆ! ನಿಜದಲ್ಲಿ ಅದು ಕ್ರಿಕೆಟ್ಟಿನ ಡಕ್. ಸೊನ್ನೆಗೆ ಔಟ್, ಸೊನ್ನೆ ಅಂದರೆ ಓ. ಆ ಒಂದು ತಿಂಗಳ ನೋಟ್‌ಬುಕ್ ಪೂರ್ತಿ ರದ್ದಿಗೆ ಹೋಯಿತು. ಎರಡನೇ ಸಲದಿಂದ ನಿಯಮ ಬಿಗಿ ಮಾಡಿದೆ. ಹತ್ತು ನಿಮಿಷ ಯೋಚಿಸಿದರೂ ತಾಳೆ ಆಗದಿದ್ದರೆ ಕೆಂಪು ಚುಕ್ಕಿ, ನೆಪ ಹೇಳುವಂತಿಲ್ಲ. ಭಾನುವಾರ ಕೆಂಪು ಚುಕ್ಕಿಗಳನ್ನು ಮಾತ್ರ ಮತ್ತೆ ನೋಡುವುದು. ವಾರಕ್ಕೆ 40 ಚುಕ್ಕಿ ಇದ್ದದ್ದು ಎರಡು ತಿಂಗಳಲ್ಲಿ 10ಕ್ಕೆ ಇಳಿಯಿತು.

ಅಂದಹಾಗೆ, ಕ್ರಿಕೆಟ್ ಗೊತ್ತಿರುವವರು ಪುಣ್ಯವಂತರು. ಆನ್ ಅಂದರೆ ಲೆಗ್, ಮೇಡನ್ ಅಂದರೆ ಸ್ಕೋರ್ ಪಟ್ಟಿಯ ಎಮ್, ಬೌಲ್ಡ್ ಅಂದರೆ ಬಿ. ಇವೆಲ್ಲ ಚಿಕ್ಕಂದಿನಲ್ಲಿ ರೇಡಿಯೋ ಕಾಮೆಂಟರಿ ಕೇಳುತ್ತಾ ಬಂದದ್ದು, ಕಾನ್ವೆಂಟ್ ಬೇಕಾಗಿರಲಿಲ್ಲ. ಕಷ್ಟ ಕೊಟ್ಟಿದ್ದು ಇಂಗ್ಲೆಂಡಿನ ಹಡಗಿನವರು. ನಾವಿಕ ಅಂದರೆ ಟಿ-ಎ-ಆರ್, ಇಲ್ಲವೇ ಎ-ಬಿ. ನಮ್ಮಲ್ಲೂ ಈ ಆಟಕ್ಕೂ ಹಡಗಿಗೂ ನಂಟಿದೆ ನೋಡಿ. ಹಿಂದೂ ಪತ್ರಿಕೆಯಲ್ಲಿ ಪದಬಂಧ ಶುರುವಾದ ದಿನಗಳಲ್ಲಿ ಅದನ್ನು ಕಟ್ಟಿಕೊಡುತ್ತಿದ್ದವರು ಅಡ್ಮಿರಲ್ ರಾಮದಾಸ್ ಕಟಾರಿ, ನಮ್ಮ ನೌಕಾಪಡೆಗೆ ಮುಖ್ಯಸ್ಥರಾದ ಮೊದಲ ಭಾರತೀಯ. ನಿವೃತ್ತಿಯ ಮೇಲೆ ಅವರು ಹಿಡಿದ ಕೆಲಸ ಇದು.

60 ದಿನ ಆದ ಮೇಲೆ ಎರಡನೇ ಹಂತ. ಉತ್ತರದ ಮೇಲೆ ಒಂದು ಲಗ್ನಪತ್ರಿಕೆ ಮುಚ್ಚಿ ಇಡುವುದು. ಸುಳಿವು ಓದಿ, ಅರ್ಥ ಯಾವ ತುದಿಯಲ್ಲಿದೆ ಅಂತ ಮಾತ್ರ ಗುರುತಿಸುವುದು, ಶುರುವಿನಲ್ಲೋ ಕೊನೆಯಲ್ಲೋ. ಉತ್ತರ ಹುಡುಕುವ ಹಾಗಿಲ್ಲ. ಆಮೇಲೆ ಪತ್ರಿಕೆ ಸರಿಸಿ ನೋಡುವುದು. ಇದರಲ್ಲಿ ನೂರಕ್ಕೆ 80 ಸರಿ ಬರುವವರೆಗೂ ಮುಂದಕ್ಕೆ ಹೋಗಲಿಲ್ಲ. ನನ್ನ ಪ್ರಕಾರ ಕೆಲಸ ಮಾಡಿದ್ದು ಇದೇ. ಉಳಿದದ್ದೆಲ್ಲ ಇದಕ್ಕೆ ಒಗ್ಗರಣೆ.

ಮನೆಯಲ್ಲೂ ಇದರ ಗಾಳಿ ಬೀಸಿತು. ‘ಫಾದರ್ ಅಟ್ ಹೋಮ್? ಅಗೊನಿ! (4)’ ಅಂತ ಮಗಳಿಗೆ ಕೊಟ್ಟೆ. ಫಾದರ್ ಅಂದರೆ ಪಿ-ಎ, ಅಟ್ ಹೋಮ್ ಅಂದರೆ ಇನ್, ಎರಡೂ ಸೇರಿ ಪೇನ್. ಅವಳು ಅರ್ಧ ನಿಮಿಷದಲ್ಲಿ ಹೇಳಿ, ‘ಅಪ್ಪ ಮನೇಲಿದ್ರೆ ನೋವು, ಕರೆಕ್ಟಾಗಿದೆ ಅಪ್ಪಾ’ ಅಂದಳು. ಇನ್ನೊಂದು ‘ಪೇನ್‌ಫುಲ್ ಪಾರ್ಟ್ ಆಫ್ ಮೈಸೂರ್ (4)’. ಹಳೇ ಇಂಗ್ಲಿಷ್ ಕಾಗುಣಿತದ ಹೊಟ್ಟೆಯಲ್ಲಿ ಎಸ್-ಒ-ಆರ್-ಇ, ಸೋರ್ ಕೂತಿದೆ. 2014ರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲೂ ಮೈಸೂರು ಆಯಿತು, ನೋವು ಹೋಯಿತು, ನನ್ನ ಸುಳಿವೂ ಹೋಯಿತು.

ಕಟ್ಟುವ ಹುಚ್ಚಿನಲ್ಲಿ ಮರ್ಯಾದೆಯೂ ಹೋಗಿದೆ. ‘ರಾಯಲ್ ಸೆಂಟ್ ಬ್ಯಾಕ್ ಬಿಯರ್ (5)’ ಅಂತ ಹಿರಿಯ ಸಹೋದ್ಯೋಗಿಗೆ ಕೊಟ್ಟೆ, ₹100 ಪಂದ್ಯ. ನನ್ನ ಉತ್ತರ ರೀಗಲ್, ಲಾಗರ್ ಬಿಯರನ್ನು ಹಿಂದುಮುಂದು ಮಾಡಿದರೆ ಬರುತ್ತದೆ. ಅವರು ಲಾಗರ್ ಅಂದರು, ರೀಗಲ್ ಹಿಂದುಮುಂದಾದರೆ ಲಾಗರ್ ತಾನೇ? ‘ಸೆಂಟ್ ಬ್ಯಾಕ್’ ನಡುವೆ ಕೂತು ಎರಡೂ ಕಡೆಗೆ ತಿರುಗುತ್ತದೆ. ಅಡ್ಡ ಬರುವ ಪದದಿಂದ ನಡುವಿನ ಅಕ್ಷರ ಸಿಕ್ಕಿದರೂ ಉಪಯೋಗವಿಲ್ಲ, ಎರಡರಲ್ಲೂ ಜಿ. ನೂರು ರೂಪಾಯಿ ಕೊಟ್ಟೆ.

ಆಮೇಲೆ ಕನ್ನಡದಲ್ಲೇ ಯಾಕೆ ಕಟ್ಟಬಾರದು ಅನ್ನಿಸಿತು. ಎರಡು ತಿಂಗಳು ಅದೇ ಗುಂಗು. ಇಂಗ್ಲಿಷಿನ ಅಕ್ಷರಗಳು ಬಿಡಿ ಕಡಲೆಕಾಯಿ ಥರ, ಹೇಗೆ ಬೇಕಾದರೂ ಉರುಳುತ್ತವೆ. ನಮ್ಮದು ಹಾಗಲ್ಲ. ಕಾಗುಣಿತ, ಒತ್ತು ಎಲ್ಲ ಮೈಗೆ ಅಂಟಿಕೊಂಡೇ ಬರುತ್ತದೆ. ‘ಸ್ತ್ರೀ’ ಒಂದೇ ಚೌಕ, ಅದನ್ನು ಯಾವ ಕಡೆಗೂ ಅಲ್ಲಾಡಿಸೋಕೆ ಆಗಲ್ಲ. ಆದರೂ ಸಣ್ಣ ಪದಗಳಲ್ಲಿ ಮಜಾ ಇದೆ. ‘ದಾರಿ ತಪ್ಪಿದ ಮಗನ ಲಕ್ಷ್ಯ (3)’: ಮಗನ ಚದುರಿ ಗಮನ. ‘ಹಿಂದಕ್ಕೆ ಹರಿದ ಹೊಳೆಗೆ 24 ಗಂಟೆ (2)’: ನದಿ ತಿರುಗಿ ದಿನ. ‘ಒಗೆದ ಬಟ್ಟೆ, ಪಕ್ಕದಲ್ಲೇ ಓಣಿ, ಕೊಡಗಿನ ಊರು (4)’: ಮಡಿ, ಕೇರಿ. ಈ ಮೂರನೆಯದು ನನಗೆ ಸ್ನಾನ ಮಾಡುವಾಗ ಹೊಳೆದದ್ದು, ಹೊರಗೆ ಬಂದು ಒದ್ದೆ ಕೈಯಲ್ಲೇ ಬರೆದಿಟ್ಟೆ.

ಸುಳಿವು ಹುಟ್ಟುತ್ತವೆ, ಚೌಕ ಕೂರಲ್ಲ. 7 ಚೌಕ ಅಗಲದ ಒಂದು ಕನ್ನಡ ಕ್ರಿಪ್ಟಿಕ್ ಕಟ್ಟೋಕೆ ಮೂರು ಭಾನುವಾರ ಕೂತೆ. ಎಡದಿಂದ ಬಲಕ್ಕೆ ಮಂಗಳೂರು ಹಾಕಿದ್ದೆ. ಅದರ ‘ಳೂ’ ಚೌಕದಿಂದ ಮೇಲಿನಿಂದ ಕೆಳಕ್ಕೆ ಒಂದು ಪದ ಶುರುವಾಗಬೇಕಿತ್ತು. ಳೂ-ದಿಂದ ಶುರುವಾಗುವ ಪದ ಎಲ್ಲಿಂದ ತರಲಿ? ಮಂಗಳೂರು ತೆಗೆದರೆ ಇನ್ನು ನಾಲ್ಕು ಬೀಳುತ್ತವೆ. ಹಾಳೆ ಹಾಗೇ ಡ್ರಾಯರಿನಲ್ಲಿದೆ.

ಇಂಗ್ಲಿಷಿಗೆ ಬಂದರೆ, ಲೆಕ್ಕ ಹೀಗಿದೆ. 200 ಪುಟದ ನೋಟ್‌ಬುಕ್ ನಾಲ್ಕು, ಒಂದಕ್ಕೆ ₹60ರ ಹಾಗೆ. ಕೆಂಪು ಪೆನ್ ಎರಡು. ರದ್ದಿಗೆ ಹೋದ ತಿಂಗಳು ಬಿಟ್ಟು ಬಿಚ್ಚಿ ಬರೆದ ಸುಳಿವು 1,700ರ ಮೇಲಿರಬೇಕು. ಮೂರನೇ ತಿಂಗಳಿಗೆ ದಿನಕ್ಕೆ 10, 11 ಬಿಡಿಸುತ್ತಿದ್ದೆ. ಮೊದಲ ಪೂರ್ತಿ ಪದಬಂಧ ಮುಗಿದದ್ದು ಏಳನೇ ತಿಂಗಳಲ್ಲಿ. ಎರಡೂಮುಕ್ಕಾಲು ಗಂಟೆ ಹಿಡಿಯಿತು, ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ₹6,000 ಸುರಿದು ಬಾರದ್ದು ₹300ರಲ್ಲಿ ಬಂತು. ಈಗಲೂ ಎಲ್ಲರ ಪದಬಂಧ ಬಗ್ಗಲ್ಲ. ಕಟ್ಟಿದವರ ಅಡ್ಡಹೆಸರು ಮೇಲೆ ಇರುತ್ತದಲ್ಲ, ಕೆಲವರ ಹೆಸರು ಕಂಡರೆ ಮೊದಲೇ ಎರಡು ಲೋಟ ಕಾಫಿಗೆ ಹೇಳಿಬಿಡುತ್ತೇನೆ.

ಇನ್ನೊಂದು ಉಪಾಯ ಇದೆ. ಸುಳಿವು ಓದುವ ಮುಂಚೆ ಖಾಲಿ ಚೌಕಗಳ ಮೇಲೆ ಪೆನ್ಸಿಲಿನಲ್ಲಿ ಮೂರು ಕಡೆ ಗುರುತು ಹಾಕಿಕೊಳ್ಳುತ್ತೇನೆ. ಎಲ್ಲಿ, ಯಾಕೆ ಅಂತ ಹೇಳಲ್ಲ. ಆಫೀಸಿನಲ್ಲಿ ಪಂದ್ಯ ಇನ್ನೂ ನಡೆಯುತ್ತಿದೆ.

ದೋಸೆ ತಿಂದು ಕೈ ತೊಳೆದು ಬಂದ ಮೇಲೆ ಹಿರಿಯರಿಗೆ ಒಂದು ಚಲನ್ ಹಿಂದೆ ಕನ್ನಡದ ಸುಳಿವು ಬರೆದು ಕೊಟ್ಟೆ: ‘ದೊರೆಯನ್ನು ಹುಡುಕು (3)’. ಬರೀ ಮೂರು ಚೌಕ, ಚದುರಿಸುವುದು ತಿರುಗಿಸುವುದು ಏನೂ ಇಲ್ಲ ಅಂತಲೂ ಹೇಳಿದೆ. ನಾಲ್ಕು ದಿನ ಆಯಿತು, ಕಾನ್ವೆಂಟಿನವರು ಇನ್ನೂ ಅರಸುತ್ತಾ ಇದ್ದಾರೆ.