ರಾತ್ರಿ ಒಂಬತ್ತಾದರೂ ಕತ್ತಲಾಗದ ಕ್ರಿಸ್‌ಮಸ್

ಊರಿಂದ ಫೋನ್ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಸೆಕೆಯಲ್ಲಿ ಎಂಥ ಕ್ರಿಸ್‌ಮಸ್ ನಿಮ್ದು?" ಮೆಲ್ಬರ್ನ್‌ನಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ, ನಿಜ. ಆದರೆ ಸೆಕೆ ನಮಗೇನು ಹೊಸದಾ? ಹಿಮ ಬೀಳೋದನ್ನು ನಾನು ನೋಡಿದ್ದೇ ಗ್ರೀಟಿಂಗ್ ಕಾರ್ಡ್‌ಗಳಲ್ಲಿ. ನನಗೆ ವಿಚಿತ್ರ ಅನ್ನಿಸಿದ್ದು ಇಲ್ಲಿನ ಬೆಳಕು. 25ರಂದು ಸೂರ್ಯ ಮುಳುಗುವಾಗ ರಾತ್ರಿ 8.40 ದಾಟಿರುತ್ತದೆ. ಕತ್ತಲು ಬೇಕೆಂದರೆ ಒಂಬತ್ತು ಕಳೆಯುವವರೆಗೆ ಕಾಯಬೇಕು.

ಮೊದಲ ವರ್ಷ ಇದರ ಅಂದಾಜಿಲ್ಲದೆ ಮನೆ ಹತ್ತಿರದ ಪಾರ್ಕಿಗೆ ಕ್ಯಾರಲ್ಸ್, ಅಂದ್ರೆ ಕ್ರಿಸ್‌ಮಸ್ ಹಾಡು, ಕೇಳಲು ಹೋದೆವು. ಸಂಜೆ ಏಳಕ್ಕೆ ಶುರು. ಮಕ್ಕಳ ಕೈಗೆ ಮೇಣದಬತ್ತಿ ಕೊಟ್ಟರು. ಎದುರಿಗೆ ಬಿಸಿಲು ಹೊಡೆಯುತ್ತಿದೆ, ಬತ್ತಿ ಉರಿಯುತ್ತಿದೆಯೋ ಆರಿದೆಯೋ ಗೊತ್ತಾಗೋದೇ ಇಲ್ಲ. ಮಗಳು ಮುಟ್ಟಿ ನೋಡಲು ಹೋಗಿ ಬೆರಳು ಸುಟ್ಟುಕೊಂಡಳು. ಹೀಗೆ ಬಯಲಲ್ಲಿ ಮೇಣದಬತ್ತಿ ಹಿಡಿದು ಸೇರುವ ಕಾರ್ಯಕ್ರಮವನ್ನು ಮೆಲ್ಬರ್ನ್‌ನಲ್ಲಿ ಶುರು ಮಾಡಿದ್ದು ನಾರ್ಮನ್ ಬ್ಯಾಂಕ್ಸ್ ಎಂಬ ರೇಡಿಯೋ ನಿರೂಪಕ, 1938ರಲ್ಲಿ. ಕಿಟಕಿ ಪಕ್ಕ ಮೇಣದಬತ್ತಿ ಹಚ್ಚಿಕೊಂಡು ರೇಡಿಯೋ ಜೊತೆ ಒಬ್ಬಳೇ ಹಾಡುತ್ತಿದ್ದ ಮುದುಕಿಯನ್ನು ಕಂಡು ಅವರಿಗೆ ಹೊಳೆದದ್ದಂತೆ. ಈಗಲೂ 24ರ ರಾತ್ರಿ ಇಲ್ಲಿನ ಸಿಡ್ನಿ ಮೈಯರ್ ಮ್ಯೂಸಿಕ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ನಡೆಯುತ್ತದೆ, ಟಿವಿಯಲ್ಲೂ ಬರುತ್ತದೆ. ನಾವು ಆಮೇಲಿನ ವರ್ಷಗಳಲ್ಲಿ ಮಕ್ಕಳನ್ನು ಮಧ್ಯಾಹ್ನವೇ ಮಲಗಿಸಿ, ಎಂಟರ ಮೇಲೆ ಚಾಪೆ ಹಿಡಿದು ಹೊರಡುತ್ತೇವೆ.

ಅದೇ ವರ್ಷ 25ರ ಬೆಳಿಗ್ಗೆ ಹಾಲು ಖಾಲಿ. ದೊಡ್ಡ ಸೂಪರ್‌ಮಾರ್ಕೆಟ್‌ಗಳೆಲ್ಲ ಬಂದ್. ಕೊನೆಗೆ ಪೆಟ್ರೋಲ್ ಬಂಕ್‌ನಲ್ಲಿ ಸಿಕ್ಕಿತು.

ಈಗ 25ರ ಊಟ ನಮ್ಮ ಮನೆಯಲ್ಲೇ. ಹದಿನೈದು ಜನ ಸೇರುತ್ತೇವೆ, ಅರ್ಧ ಮಂದಿ ಮಾಂಸ ಮುಟ್ಟೋದಿಲ್ಲ. ಮೊದಲ ಸಲ ಕ್ರಿಸ್‌ಮಸ್ ಅಂದ್ರೆ ಓವನ್ ಅಂತ ನಂಬಿ ಬೆಳಿಗ್ಗೆ ಹತ್ತಕ್ಕೆ ಹಚ್ಚಿದೆ. ಹೊರಗೆ 36 ಡಿಗ್ರಿ. ಒಂದು ಗಂಟೆಯಲ್ಲಿ ಅಡುಗೆಮನೆ ಇಟ್ಟಿಗೆ ಗೂಡಿನಂತಾಯಿತು, ಬಂದವರೆಲ್ಲ ಗ್ಯಾರೇಜ್‌ನ ನೆಲದ ಮೇಲೆ ಕೂತರು. ಈಗ ಬೆಳಿಗ್ಗೆ ಒಂಬತ್ತರ ನಂತರ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆಲೂಗಡ್ಡೆ, ಕುಂಬಳಕಾಯಿ ಸುಡೋದು ಆರು ಗಂಟೆಗೇ. ತಣ್ಣಗೆ ತಿಂದರೂ ಚೆನ್ನಾಗಿರುತ್ತದೆ. ಹ್ಯಾಮ್ ತರುವವರು ತಣ್ಣಗಿರುವುದನ್ನೇ ತರುತ್ತಾರೆ, ಸೀಗಡಿ ಬರೋದು ಐಸ್ ಮೇಲೆ. ನನ್ನ ಪಾಲಿನದು ಮೊಸರನ್ನ, ದಾಳಿಂಬೆ ಹಾಕಿದ್ದು. ನಗಬೇಡಿ, ಮೊದಲು ಖಾಲಿಯಾಗುವ ಪಾತ್ರೆ ಅದೇ. ಪಕ್ಕದ ಮನೆಯ ಅಜ್ಜ ನವೆಂಬರ್‌ನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಪಾವ್ಲೋವಾ ಅನ್ನೋ ಸಿಹಿತಿಂಡಿ ಮಾತ್ರ ಹಿಂದಿನ ರಾತ್ರಿಯದು. ಮೊಟ್ಟೆಯ ಬಿಳಿ, ಸಕ್ಕರೆ ಸೇರಿಸಿ ಗಟ್ಟಿಯಾಗುವವರೆಗೆ ಬೀಟ್ ಮಾಡಿ, 120 ಡಿಗ್ರಿಯಲ್ಲಿ ಒಂದೂವರೆ ಗಂಟೆ. ಆಮೇಲೆ ಓವನ್ ಆರಿಸಿ, ಅದರೊಳಗೇ ಬೆಳಗಿನವರೆಗೆ ಬಿಡಬೇಕು. ಬಾಗಿಲು ತೆಗೆದು ನೋಡುವ ಚಪಲ ಬೇಡ. ನನ್ನದು ಎರಡು ವರ್ಷ ಬಿರುಕು ಬಿಟ್ಟಿತು. ಮೇಲೆ ಕ್ರೀಮ್ ಬಳಿದು ಮುಚ್ಚಿದರೆ ಯಾರಿಗೂ ತಿಳಿಯೋದಿಲ್ಲ ಬಿಡಿ! ಕ್ರೀಮ್, ಹಣ್ಣು ಬಡಿಸುವ ಹೊತ್ತಿಗೇ ಹಾಕಬೇಕು. ಮೊದಲೇ ಹಾಕಿದರೆ ನೀರು ಬಿಡುತ್ತದೆ. ನಾನು ಹಾಕೋದು ಮಾವು. ಡಿಸೆಂಬರ್‌ನಲ್ಲಿ ಕ್ವೀನ್ಸ್‌ಲ್ಯಾಂಡಿನ ಮಾವು ಪೆಟ್ಟಿಗೆಗಟ್ಟಲೆ ಬರುತ್ತದೆ. ಯುಗಾದಿ ಆದ ಮೇಲೆ ಬರಬೇಕಾದ ವಾಸನೆ ಕ್ರಿಸ್‌ಮಸ್ ಮರದ ಪಕ್ಕ ಬರೋದು ಇನ್ನೂ ಅಭ್ಯಾಸ ಆಗಿಲ್ಲ.

ಐಸ್ ಮಾತ್ರ ಜಾಸ್ತಿಯೇ ತನ್ನಿ. ನಿಮ್ಮ ಲೆಕ್ಕದ ಎರಡರಷ್ಟು. ಇಲ್ಲಿನವರು ಎಸ್ಕಿ ಅನ್ನೋ ಐಸ್ ಪೆಟ್ಟಿಗೆ ಎರಡು ಇಟ್ಟುಕೊಳ್ಳಿ, ಒಂದು ಊಟಕ್ಕೆ, ಇನ್ನೊಂದು ಕುಡಿಯುವುದಕ್ಕೆ. ಕುಡಿಯುವ ಪೆಟ್ಟಿಗೆಯನ್ನು ಮಕ್ಕಳು ಐದು ನಿಮಿಷಕ್ಕೊಮ್ಮೆ ತೆಗೆಯುತ್ತಾರೆ, ಸೀಗಡಿ ಅದರೊಳಗಿದ್ದರೆ ಕೆಟ್ಟಿತು ಕಥೆ.

ಒಂದು ವರ್ಷ ಇದ್ದಿಲಿನ ಬಾರ್ಬೆಕ್ಯೂ ಅಂತ ಎಲ್ಲ ಸಜ್ಜಾಗಿತ್ತು. ಹಿಂದಿನ ಸಂಜೆ ಮರುದಿನಕ್ಕೆ 'ಟೋಟಲ್ ಫೈರ್ ಬ್ಯಾನ್' ಘೋಷಣೆಯಾಯಿತು. ಕಾಳ್ಗಿಚ್ಚಿನ ಭಯ. ಅಂಥ ದಿನ ಸೌದೆ, ಇದ್ದಿಲು ಹಚ್ಚುವಂತೆಯೇ ಇಲ್ಲ. ಗ್ಯಾಸ್ ಅಥವಾ ಕರೆಂಟಿನದಾದರೆ ಷರತ್ತುಗಳಿವೆ: ಸುತ್ತ 3 ಮೀಟರ್ ಒಣಹುಲ್ಲು, ಎಲೆ ಇರಬಾರದು, ಪಕ್ಕದಲ್ಲಿ ನೀರಿನ ಪೈಪೋ ಕನಿಷ್ಠ 10 ಲೀಟರ್ ನೀರೋ ಇರಬೇಕು, ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು. ಇದ್ದಿಲಿನ ಚೀಲ ಇನ್ನೂ ಶೆಡ್‌ನಲ್ಲಿದೆ.

ಸೆಕೆ ಹೆಚ್ಚಾದ ದಿನ ಎಲ್ಲರ ಕಣ್ಣೂ ಗಡಿಯಾರದ ಮೇಲೆ, 'ಕೂಲ್ ಚೇಂಜ್' ಎಷ್ಟು ಹೊತ್ತಿಗೆ ಅಂತ. ಅಲ್ಲಿಯವರೆಗೆ ಒಳನಾಡಿನ ಮರುಭೂಮಿಯಿಂದ ಉತ್ತರದ ಬಿಸಿಗಾಳಿ. ಆಮೇಲೆ ದಕ್ಷಿಣ ಸಮುದ್ರದ ಕಡೆಯಿಂದ ತಂಗಾಳಿ ನುಗ್ಗುತ್ತದೆ, ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿಗೂ ಜಾಸ್ತಿ ಇಳಿಯುವುದುಂಟು. ಒಂದು ಸಲ ಪೇಪರ್ ತಟ್ಟೆಗಳೆಲ್ಲ ಹಾರಿ ಬೇಲಿಯಾಚೆ ಬಿದ್ದವು. ಯಾರೂ ಹೆಕ್ಕಲು ಏಳಲಿಲ್ಲ, ಎಲ್ಲರೂ ಮುಖವೊಡ್ಡಿ ನಿಂತಿದ್ದರು.

26ಕ್ಕೆ ಎಂಸಿಜಿ ಮೈದಾನದಲ್ಲಿ ಬಾಕ್ಸಿಂಗ್ ಡೇ ಕ್ರಿಕೆಟ್ ಟೆಸ್ಟ್. 2018ರಲ್ಲಿ ನಮ್ಮ ಮಯಾಂಕ್ ಅಗರ್‌ವಾಲ್ ಅಲ್ಲೇ ಮೊದಲ ಟೆಸ್ಟ್ ಆಡಿ 76 ಹೊಡೆದರು. ಕೂಗಿ ಕೂಗಿ ನನ್ನ ಗಂಟಲು ಹೋಯಿತು, ಸನ್‌ಸ್ಕ್ರೀನ್ ಮತ್ತೆ ಹಚ್ಚೋದು ಮರೆತು ಕತ್ತಿನ ಚರ್ಮವೂ ಸುಲಿಯಿತು. ನಮ್ಮ ಮೈಬಣ್ಣಕ್ಕೆ ಇದೆಲ್ಲ ಬೇಡ ಅನ್ನೋದು ಸುಮ್ನೆ ಮಾತು.

ಇನ್ನು ಮನೆಗಳ ದೀಪಾಲಂಕಾರ. ಕೆಲವು ಬೀದಿಗಳು ಅದಕ್ಕೇ ಹೆಸರುವಾಸಿ. ಮಕ್ಕಳಿಗೆ ತೋರಿಸೋಣ ಅಂತಲೇ ಹೋಗೋದು. ಆದರೆ ದೀಪಕ್ಕೆ ಕಳೆ ಬರುವ ಹೊತ್ತಿಗೆ ಒಂಬತ್ತೂವರೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಬಾಯಿ ತೆರೆದು ನಿದ್ದೆ. ಪ್ರತಿ ವರ್ಷ ಕಾರಿನ ಕಿಟಕಿ ಇಳಿಸಿ ನೋಡುವವರು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ.